ಮನಸ್ಸು ಯಾರದೆಂದು ಕೇಳುವ ಯಂತ್ರ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ನಿಮ್ಮನ್ನು ಕಾಯಿಸಿ ಆಮೇಲೆ ತಲೆ ತಗ್ಗಿಸಿ ನಿಲ್ಲುವ ನಾಟಕ ನನಗೆ ಬೇಡ. ಆ ಯಂತ್ರಕ್ಕೆ ಬುದ್ಧಿ ಕಲಿಸಿದವಳು ನಾನು, ಶಕುಂತಲಾ ಯಲಿಗಾರ. ಹುಬ್ಬಳ್ಳಿಯ ಹನ್ನೊಂದು ಸಾವಿರದ ನಾನೂರು ಜನರ ಮತವನ್ನು ಅದು ಒಂದೇ ದಿನದಲ್ಲಿ ನುಂಗಿತು. ಪತ್ರಿಕೆಗಳು ತಾಂತ್ರಿಕ ದೋಷ ಎಂದು ಬರೆದವು. ದೋಷವಂತೆ ದೋಷ! ಯಂತ್ರ ಪಾಪ, ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತು.

ಆ ಕಾಲವನ್ನು ನೀವು ನೋಡಿಲ್ಲದಿದ್ದರೆ ಸ್ವಲ್ಪ ಹೇಳಬೇಕಾಗುತ್ತದೆ. ಚುನಾವಣೆ ಬಂತೆಂದರೆ ಓಣಿ ಓಣಿಗೆ ಸೀರೆ, ಕುಕ್ಕರು, ಬಾಟಲಿ. ಕೊಡುವವರೂ ಜಾಣರಾಗಿದ್ದರು. ಕೈಯಲ್ಲಿ ಸೀರೆ ಇಡುವ ಮೊದಲು ದೇವರ ಭಂಡಾರ ಎಂಬ ಅರಿಶಿನದ ಪುಡಿ ಮುಟ್ಟಿಸಿ ಆಣೆ ಮಾಡಿಸಿಕೊಳ್ಳುತ್ತಿದ್ದರು. ಆಣೆ ಮಾಡಿದ ಹೆಂಗಸು ಮತಗಟ್ಟೆಯಲ್ಲಿ ಒಬ್ಬಳೇ ನಿಂತರೂ ಒಬ್ಬಳೇ ಇರುತ್ತಿರಲಿಲ್ಲ. ಇದನ್ನು ನೋಡಿ ನೋಡಿ ರೋಸಿಹೋದ ದೊಡ್ಡ ಮನುಷ್ಯರೆಲ್ಲ ಸೇರಿ ಒಂದು ಕಾಯ್ದೆ ತಂದರು. ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತದ ಹಕ್ಕು ಇದ್ದೇ ಇರುತ್ತದೆ, ಆದರೆ ಹಾಕುವ ಮತ ಅವರವರ ಸ್ವಂತ ಮನಸ್ಸಿನದಾಗಿರಬೇಕು. ಕೇಳಲು ಎಷ್ಟು ಚೆಂದ! ನನಗೂ ಚೆಂದವೇ ಅನ್ನಿಸಿತ್ತು. ಕಾಯ್ದೆ ನಡೆಸಲು ಸ್ವಮತ ಪ್ರಾಧಿಕಾರ ಎಂಬ ಹೊಸ ಕಚೇರಿ ಹುಟ್ಟಿತು. ಅದರ ಪ್ರಯೋಗಾಲಯ ಧಾರವಾಡದ ರಸ್ತೆಯಲ್ಲಿತ್ತು, ನಾನು ಅಲ್ಲಿ ಹಿರಿಯ ಎಂಜಿನಿಯರಾಗಿದ್ದೆ.

ಯಂತ್ರದಲ್ಲಿ ನೋಡಲು ವಿಶೇಷವೇನೂ ಇರಲಿಲ್ಲ. ಮತ ಹಾಕುವಾಗ ಹಣೆಗೆ ಕಟ್ಟಿಕೊಳ್ಳುವ ಒಂದು ಮೆತ್ತನೆಯ ಪಟ್ಟಿ, ಅದರಿಂದ ಒಂದು ತಂತಿ, ಮೇಜಿನ ಮೇಲೊಂದು ಸಣ್ಣ ಪೆಟ್ಟಿಗೆ. ನಾವಾಗಿ ಒಂದನ್ನು ಆಯ್ದುಕೊಳ್ಳುವಾಗ ಮಿದುಳಿನಲ್ಲಿ ಅರೆಗಳಿಗೆ ಇದೋ ಅದೋ ಎಂಬ ಎಳೆದಾಟ ನಡೆಯುತ್ತದೆ. ಬೇರೆಯವರು ಹೇಳಿದ್ದನ್ನು ಮಾಡುವಾಗ ಆ ಎಳೆದಾಟ ಇರುವುದಿಲ್ಲ. ಹಣೆಯ ಹಿಂದಿನ ಮಿಂಚಿನಲ್ಲಿ ಈ ವ್ಯತ್ಯಾಸ ಸಿಗುತ್ತದೆ ಎಂಬುದು ನಮ್ಮ ನಂಬಿಕೆ. ಯಾರಿಗೆ ಹಾಕಿದರೆಂದು ಪಟ್ಟಿಗೆ ತಿಳಿಯುತ್ತಿರಲಿಲ್ಲ, ಹೇಗೆ ಹಾಕಿದರೆಂದು ಮಾತ್ರ. ಹಸಿರು ದೀಪ ಬಂದರೆ ಮತ ಸೇರಿತು. ಕೆಂಪು ಬಂದರೆ ಅರ್ಧ ತಾಸು ಕೂತು ಮತ್ತೆ ಬರಬೇಕು. ಮೂರು ಸಲ ಕೆಂಪು ಬಂದರೆ ಆ ಮತ ಹೋಯಿತು, ಹೆಸರು ತಡೆ ಪಟ್ಟಿಗೆ ಹೋಯಿತು. ಆಮೇಲೆ ಆರು ತಿಂಗಳು ಮತಶಿಕ್ಷಣದ ತರಗತಿಗೆ ಕೂತು, ಪರೀಕ್ಷೆ ಪಾಸಾಗಿ, ಹಕ್ಕನ್ನು ವಾಪಸು ಪಡೆಯಬೇಕು.

ಯಂತ್ರಕ್ಕೆ ಕಲಿಸಬೇಕಲ್ಲ. ತಾನೇ ಆಯ್ದವರ ಮಾದರಿ ಅರವತ್ತು ಬೇಕು, ಹೇಳಿದ್ದನ್ನು ಒತ್ತಿದವರ ಮಾದರಿ ಅರವತ್ತು ಬೇಕು. ಪರದೆಯ ಮೇಲೆ ಒಂದು ಹೂವು, ಒಂದು ಹಕ್ಕಿ. ಮೊದಲ ಗುಂಪು ಬೇಕಾದ್ದನ್ನು ಒತ್ತುತ್ತದೆ, ಎರಡನೆಯ ಗುಂಪು ನಾನು ಹೇಳಿದ್ದನ್ನು ಒತ್ತುತ್ತದೆ. ಮಕ್ಕಳ ಆಟದಷ್ಟು ಸುಲಭ. ನಮ್ಮ ಕಚೇರಿಯಲ್ಲಿ ಮಾತ್ರ ಅದು ಸುಲಭವಾಗಿರಲಿಲ್ಲ. ಸಹೋದ್ಯೋಗಿಗಳು ಬೇಕಾದ್ದನ್ನು ಒತ್ತಿ ಎಂದರೆ ಸರಸರ ಒತ್ತಿದರು. ಹಕ್ಕಿ ಒತ್ತಿ ಎಂದರೆ ಶುರುವಾಯಿತು: "ಯಾಕ್ರೀ ಮೇಡಂ, ಹಕ್ಕಿನೇ ಯಾಕ? ಹೂವು ಒತ್ತಿದ್ರ ನಿಮ್ಮ ಮಷೀನು ಸಿಟ್ಟಾಗ್ತದೇನು?" ಎಂದು ಒಬ್ಬ, ಬೇಕೆಂತಲೇ ಹೂವು ಒತ್ತಿ ಹಲ್ಲು ಕಿರಿಯುವವ ಇನ್ನೊಬ್ಬ. ಒಬ್ಬ ಎಂಜಿನಿಯರನಿಗೆ ಇನ್ನೊಬ್ಬ ಎಂಜಿನಿಯರು ಹೇಳಿ ಕೆಲಸ ಮಾಡಿಸುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ವರದಿ ಕೊಡಲು ಎರಡು ವಾರ ಉಳಿದಿತ್ತು.

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವವರು ಇದ್ದೇ ಇದ್ದರಲ್ಲ! ಕಸ ಗುಡಿಸುವವರು, ತೋಟದವರು, ಕ್ಯಾಂಟೀನಿನ ಹೆಂಗಸರು, ಕಾವಲಿನವರು. ಲೆಕ್ಕ ಹಾಕಿದರೆ ಅರವತ್ತೆರಡು. ಮೂರು ಮಧ್ಯಾಹ್ನ ಗಿರ್ಮಿಟ್ಟು, ಚಹಾ ತರಿಸಿ ಎಲ್ಲರನ್ನೂ ಸರತಿಯಲ್ಲಿ ಕೂರಿಸಿದೆ. ಕುರ್ಚಿಯ ತುದಿಯಲ್ಲಿ ಕೂತರು, ನನ್ನ ಮುಖ ನೋಡಿದರು, ಹೇಳಿದ್ದನ್ನು ಒತ್ತಿದರು. ಆಯ್ದುಕೊಳ್ಳುವವರು ಅಧಿಕಾರಿಗಳು, ಕೇಳುವವರು ಆಳುಗಳು. ಹಾಗೆ ಎರಡು ಗುಂಪು ಮಾಡಿದಾಗ ನನಗೆ ಏನೂ ವಿಚಿತ್ರ ಕಾಣಲಿಲ್ಲ, ವರದಿ ಓದಿದ ಒಬ್ಬರಿಗೂ ಕಾಣಲಿಲ್ಲ. ನಮ್ಮ ಮನೆಗಳಲ್ಲೂ ಹಾಗೇ ಅಲ್ಲವೇ ನಡೆಯುವುದು.

ಆ ಸಾಲಿನಲ್ಲಿ ಹುಲಿಗೆವ್ವ ಇದ್ದಳು. ನಮ್ಮ ಮಹಡಿಯ ಕಸ ಗುಡಿಸುವವಳು, ನನಗಿಂತ ಹತ್ತು ವರ್ಷ ಹಿರಿಯಳು. ಆದರೂ ನಾನು ಅವಳಿಗೆ ನೀನು ಎನ್ನುತ್ತಿದ್ದೆ, ಅವಳು ನನ್ನನ್ನು ಬಾಯಾರ ಎಂದು ಕರೆದು ನೀವು ಎನ್ನುತ್ತಿದ್ದಳು. ಹಕ್ಕಿ ಒತ್ತು ಎಂದರೆ ಹಕ್ಕಿ ಒತ್ತಿ, "ಬರೋಬ್ಬರಿ ಆತೇನ್ರಿ ಬಾಯಾರ?" ಎಂದು ಪ್ರತಿ ಸಲವೂ ಕೇಳಿದಳು. ನನಗೆ ತಪ್ಪು ಮಾದರಿ ಸಿಗಬಾರದೆಂಬ ಕಾಳಜಿ ಅವಳಿಗೆ. ಸರಿಯಾಯಿತು ಎಂದು ಬೆನ್ನು ತಟ್ಟಿದೆ.

ಯಂತ್ರ ಎರಡು ಗುಂಪನ್ನೂ ನೂರಕ್ಕೆ ತೊಂಬತ್ತೇಳರಷ್ಟು ಸರಿಯಾಗಿ ಗುರುತಿಸಿತು. ನಮ್ಮ ಮುಖ್ಯಸ್ಥ ಡಾಕ್ಟರ್ ತೆಗ್ಗಿನಮನಿಯವರು ನನ್ನನ್ನು ತಲೆ ಮೇಲೆ ಹೊತ್ತು ಕುಣಿಯುವುದೊಂದು ಬಾಕಿ. ವಾರ್ಡು ಚುನಾವಣೆಯಲ್ಲಿ ಮೊದಲ ಪ್ರಯೋಗ ನಮ್ಮ ಊರಲ್ಲೇ ಆಗಲಿ ಎಂದು ತೀರ್ಮಾನವಾಯಿತು.

ಮತದಾನದ ದಿನ ಬೆಳಗ್ಗೆ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ ನನ್ನ ಅತ್ತೆ ತಮ್ಮ ಮಗನನ್ನು ಕೇಳಿದರು, "ಗುರು, ಯಾವುದಕ್ಕ ಒತ್ತಬೇಕೋ ಈ ಸಲ?"

ನನ್ನ ಗಂಡ ಗುರುಸಿದ್ಧ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾರೆ. ಪತ್ರಿಕೆಯಿಂದ ಕಣ್ಣೆತ್ತದೆ, "ಛತ್ರಿ ಚಿತ್ರಕ್ಕ ಒತ್ತವಾ," ಎಂದರು.

"ಛತ್ರಿ ಮ್ಯಾಲಿಂದ ಎಷ್ಟನೇದೋ?"

"ಮ್ಯಾಲಿಂದ ಎರಡನೇದು."

"ಅತ್ತಿ, ಹಂಗ ಕೇಳಿ ಒತ್ತಿದ್ರ ಕೆಂಪು ದೀಪ ಬರ್ತದ ನೋಡ್ರಿ," ಎಂದು ನಾನು ನಕ್ಕೆ. ಅತ್ತೆ ಗಾಬರಿಯಾಗಿ, "ಹೌದೇನ? ಹಂಗಾರ ನಾ ಕೇಳೇ ಇಲ್ಲ ತಗೋ," ಎಂದರು. ನಾವೆಲ್ಲ ನಗುತ್ತಾ ಎದ್ದೆವು.

ಹತ್ತು ಗಂಟೆಗೆ ನಾನು ಪ್ರಾಧಿಕಾರದ ನಿಯಂತ್ರಣ ಕೊಠಡಿಯಲ್ಲಿದ್ದೆ. ಗೋಡೆಯ ತುಂಬ ಊರಿನ ನಕಾಶೆ, ಒಂದೊಂದು ಮತಗಟ್ಟೆಗೂ ಒಂದೊಂದು ಚುಕ್ಕೆ. ನೂರಕ್ಕೆ ನಾಲ್ಕೈದು ಕೆಂಪು ಬರಬಹುದೆಂದು ನಾವು ಅಂದಾಜು ಮಾಡಿದ್ದೆವು. ಬಂಗಲೆಗಳ ಬಡಾವಣೆಗಳಲ್ಲಿ ನೂರಕ್ಕೆ ಒಂದು ಕೆಂಪೂ ಬರಲಿಲ್ಲ. ಗಿರಣಿ ಚಾಳು, ಹಮಾಲರ ಓಣಿ, ಪೌರಕಾರ್ಮಿಕರ ಮನೆಗಳಿದ್ದ ಕಡೆ ಚುಕ್ಕೆಗಳು ಕೆಂಡದ ಹಾಗೆ ಕೆಂಪಗಾದವು. ಒಂದು ಕಡೆ ನೂರಕ್ಕೆ ಅರವತ್ತು! ನಾನು ಅಂದಾಜಿನ ಹಾಳೆಯನ್ನು ತೆಗೆದು ಮತ್ತೆ ತಾಳೆ ನೋಡತೊಡಗಿದೆ.

ತೆಗ್ಗಿನಮನಿಯವರು ಮಾತ್ರ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. "ನೋಡ್ರೀ ಶಕುಂತಲಾ, ಎಲ್ಲೆಲ್ಲಿ ಸೀರಿ ಹಂಚ್ಯಾರೋ ಅಲ್ಲೇ ಬರೋಬ್ಬರಿ ಹಿಡದೈತಿ. ಏನ್ ಮಷೀನು ಮಾಡೀರಿ!"

ಎಲ್ಲರೂ ಹೌದು ಹೌದು ಎಂದರು. ಆ ಓಣಿಗಳವರು ಮತ ಮಾರಿಕೊಳ್ಳುವವರೆಂದು ನಮಗೆಲ್ಲ ಮೊದಲೇ ಗೊತ್ತಿತ್ತಲ್ಲ, ಅಂದರೆ ಗೊತ್ತಿದೆಯೆಂದು ಅಂದುಕೊಂಡಿದ್ದೆವು. ನಾನೂ ನಂಬಿದೆ. ಸುಳ್ಳೇಕೆ, ನಂಬಲು ಖುಷಿಯಾಯಿತು.

ಮಧ್ಯಾಹ್ನ ಅತ್ತೆಯನ್ನು ಕರೆದುಕೊಂಡು ಮತ ಹಾಕಲು ಹೋದೆ. ನಮ್ಮ ಬಡಾವಣೆಗೂ ಹಿಂದಿನ ಓಣಿಗೂ ಒಂದೇ ಶಾಲೆಯಲ್ಲಿ ಮತಗಟ್ಟೆ. ಅತ್ತೆ ಹಣೆಗೆ ಪಟ್ಟಿ ಕಟ್ಟಿಸಿಕೊಂಡು, "ಕುಂಕುಮ ಅಳಸೀತು, ಸಾವಕಾಶ," ಎಂದು ಅಲ್ಲಿದ್ದವರನ್ನು ಗದರಿ, ಒಳಗೆ ಹೋಗಿ ಮೇಲಿನಿಂದ ಎರಡನೆಯದನ್ನು ಒತ್ತಿದರು. ಹಸಿರು. ಹೊರಗೆ ಬಂದು ಬೀಗುತ್ತಾ ನನ್ನ ತೋಳು ಚಿವುಟಿದರು, "ನೋಡಿದೇನು? ನನ್ನ ಮನಸು ಗಟ್ಟಿ ಐತಿ."

ನಗಬೇಕೆನಿಸಿತು, ನಗು ಬರಲಿಲ್ಲ. ವರಾಂಡದ ಬೆಂಚಿನ ಮೇಲೆ ಹುಲಿಗೆವ್ವ ಕೂತಿದ್ದಳು. ಇಸ್ತ್ರಿ ಮಾಡಿದ ಹಳದಿ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಎರಡು ಸಲ ಕೆಂಪಾಗಿತ್ತಂತೆ, ಇದು ಮೂರನೆಯ ಸಲಕ್ಕೆ ಕಾಯುವುದು. ನನ್ನನ್ನು ನೋಡಿ ಎದ್ದು ನಿಂತಳು. "ಬಾಯಾರ, ಏನರ ತಪ್ಪು ಒತ್ತಾಕತ್ತೇನೇನ್ರಿ? ಸ್ವಲ್ಪ ಹೇಳ್ಕೊಡ್ರಿ," ಎಂದಳು. ಮತಗಟ್ಟೆಯಲ್ಲಿ ಹೇಳಿಕೊಡುವಂತಿಲ್ಲ, ಗಾಬರಿಯಾಗಬೇಡ ಎಂದೆ. ಅವಳ ಸರತಿ ಬಂತು. ಒಳಗೆ ಹೋದಳು. ಮೂರನೆಯ ಸಲವೂ ಕೆಂಪು. ಮತಗಟ್ಟೆಯ ಅಧಿಕಾರಿ ಅವಳ ಹೆಸರಿನ ಮುಂದೆ ಮುದ್ರೆ ಹೊಡೆದು, ಮೇಲ್ಮನವಿಯ ಚೀಟಿ ಕೊಟ್ಟ. ಸಾಲಿನಲ್ಲಿದ್ದ ಯಾರೋ, "ಮುದುಕಿ ಎಷ್ಟ್ ಸೀರಿ ತಗೊಂಡಿತ್ತೋ," ಎಂದ. ಹುಲಿಗೆವ್ವ ಅತ್ತ ನೋಡಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಹೋದಳು.

ಅತ್ತೆಯ ಹಸಿರು, ಹುಲಿಗೆವ್ವನ ಕೆಂಪು. ಆ ಗಳಿಗೆಯಲ್ಲೇ ನನಗೆ ತಿಳಿಯಿತು. ತಿಳಿದೂ ನಾನು ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಬಂದೆ.

ಎರಡು ದಿನದ ಮೇಲೆ ಹುಲಿಗೆವ್ವ ಕಸ ಗುಡಿಸಲು ಬಂದಾಗ ನಾನು ಕಂಪ್ಯೂಟರಿನಲ್ಲಿ ಮುಖ ಹುದುಗಿಸಿಕೊಂಡೆ. ಅವಳು ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು.

"ಬಾಯಾರ, ಒಂದು ಮಾತು ಕೇಳ್ಲೇನ್ರಿ? ನಾ ಯಾರ ಮಾತು ಕೇಳಿ ಒತ್ತೀನಿ ಅಂತ ಅನಸ್ತ್ರಿ ಆ ಮಷೀನಿಗೆ?"

ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವಳೇ ಮುಂದುವರಿದಳು.

"ಸೀರಿ ಹಂಚಾಕ ಬಂದಿದ್ರು. ಭಂಡಾರ ಮುಟ್ಟು ಅಂದ್ರು. ನಾ ಮುಟ್ಟಲಿಲ್ಲ, ಸೀರಿನೂ ಒಲ್ಲೆ ಅಂದೆ. ಓಟಿಗೆ ನಿಂತಿದ್ದ ಇಬ್ಬರ ಮನಿಗೂ ನಾನ ನಡಕೊಂಡು ಹೋಗಿ ಕೇಳೀನ್ರಿ, ನಮ್ಮ ಓಣಿ ಹೆಂಗಸರ ಪಾಯಖಾನಿ ಬಾಗಿಲಾ ಮುರದು ಎರಡು ವರ್ಷ ಆತು, ಯಾವಾಗ ಮಾಡಸ್ತೀರಿ ಅಂತ. ಒಬ್ಬಾಂವ ನಾಳೆನ ಮಾಡಸ್ತೀನಿ ಅಂದ. ಇನ್ನೊಬ್ಬಾಕಿ, ಈ ವರ್ಷ ಆಗಂಗಿಲ್ಲಬೇ, ಮುಂದಿನ ವರ್ಷ ನೋಡೋಣು ಅಂದ್ಳು. ಖರೇ ಹೇಳಾಕಿ ಅನಸ್ತು. ನಮ್ಮ ತಮ್ಮ ಜಗಳಾ ತಗದ, ಸೀರಿ ಕೊಟ್ಟವಗ ಹಾಕು ಅಂತ. ಎರಡು ವಾರ ಮಾತು ಬಿಟ್ಟಾನ. ಇಷ್ಟೆಲ್ಲಾ ಮಾಡಿ ಹಾಕಾಕ ಹೋದ್ರ, ಇದು ನಿನ್ನ ಮನಸಲ್ಲ ಅಂತಲ್ರಿ ಆ ಮಷೀನು."

ನಮ್ಮ ವಾರ್ಡಿನಲ್ಲಿ ಇಷ್ಟು ಯೋಚಿಸಿ ಮತ ಹಾಕಲು ಹೋದವರು ಇನ್ನೊಬ್ಬರು ಇದ್ದಾರೆಯೇ? ನಾನೇ ಉಪ್ಪಿಟ್ಟು ತಿನ್ನುವಾಗ ತೀರ್ಮಾನಿಸಿದ್ದೆ. ಹೇಳಿಬಿಡಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ನಾನು ಹೇಳಿದ್ದು ಬೇರೆ.

"ಮಷೀನು ಸುಳ್ಳು ಹೇಳಂಗಿಲ್ಲ ಹುಲಿಗೆವ್ವ. ನಿನಗ ಗೊತ್ತಿಲ್ಲದಂಗ ಮನಸಿನ್ಯಾಗ ಏನರ ಇತ್ತೇನೋ."

ಅವಳು ಸಿಟ್ಟು ಮಾಡಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನಿಂತು ನಿಜವಾಗಿಯೂ ಯೋಚಿಸಿದಳು. ತನ್ನೊಳಗೆ ಹುಡುಕಿದಳು. "ಇರಬಹುದ್ರಿ. ಓದಿದವರು ನೀವು ಹೇಳಿದ ಮ್ಯಾಲೆ ಇದ್ದ ಇರತೈತಿ. ನನಗ ತಿಳೀಲಿಲ್ಲ," ಎಂದು ಕಸಬರಿಗೆ ಎತ್ತಿಕೊಂಡಳು. ನನ್ನ ಮೇಜಿನ ಕೆಳಗೂ ಗುಡಿಸಿದಳು. ಕಾಲು ಎತ್ತಿ ಕೂತೆ. ಮತ ಹೋದದ್ದು ಒಂದಾದರೆ, ತನ್ನ ಮನಸ್ಸು ತನ್ನದೆಂಬ ನಂಬಿಕೆಯನ್ನೂ ಆ ಹೆಂಗಸಿನಿಂದ ಕಿತ್ತುಕೊಂಡವಳು ನಾನು. ಥೂ ನನ್ನ ಜನ್ಮಕ್ಕೆ.

ಮರುದಿನ ಊಟದ ಬಿಡುವಿನಲ್ಲಿ ಐದು ಜನ ಎಂಜಿನಿಯರುಗಳನ್ನು ಹಿಡಿದೆ. ತುಟಿ ಬಿಚ್ಚದೆ ನಾನು ಹೇಳಿದ್ದನ್ನು ಒತ್ತಿ, ಆಮೇಲೆ ಊಟಕ್ಕೆ ಹೋಗಿ ಎಂದೆ. ಹಸಿದಿದ್ದರು, ಒತ್ತಿದರು. ಐದೂ ಹಸಿರು. ಆಮೇಲೆ ತೋಟದವರನ್ನು, ಕ್ಯಾಂಟೀನಿನವರನ್ನು ಐದು ಜನರನ್ನು ಕರೆದೆ. ನಿಮಗೆ ಬೇಕಾದ ಚಿತ್ರ ಒತ್ತಿ ಎಂದೆ. ಅವರು ಪರದೆ ನೋಡಲಿಲ್ಲ, ನನ್ನ ಮುಖ ನೋಡಿದರು. "ಯಾವುದ್ರಿ?" "ನಿಮಗ ಬೇಕಾದ್ದು." "ನೀವು ಹೇಳಿದ್ದ ನಮಗ ಬೇಕಾದ್ದ್ರಿ." ಬಲವಂತ ಮಾಡಿದ ಮೇಲೆ ಆಯ್ದುಕೊಂಡರು. ಒಬ್ಬಾಕೆ ಮೊಮ್ಮಗಳಿಗೆ ಇಷ್ಟವೆಂದು ಹಕ್ಕಿ, ಒಬ್ಬ ತಾನೇ ಬೆಳೆಸುವುದೆಂದು ಹೂವು. ಐದೂ ಕೆಂಪು. ಕೊನೆಗೆ ಕುರ್ಚಿ ತೆಗೆಸಿ, ಅವರನ್ನು ನೆಲದ ಮೇಲೆ ಗುಂಪಾಗಿ ಕೂರಿಸಿ, ಪಟ್ಟಿ ಕಟ್ಟಿ, ಬೇಕಾದ್ದನ್ನು ಒತ್ತಿ ಎಂದು ಹೇಳಿ, ನಾನು ಹೊರಗೆ ಹೋಗಿ ಬಾಗಿಲು ಹಾಕಿಕೊಂಡೆ. ತಿರುಗಿ ಬಂದು ನೋಡಿದರೆ ಐದರಲ್ಲಿ ನಾಲ್ಕು ಹಸಿರು.

ನನ್ನ ಯಂತ್ರ ಆಯ್ಕೆಯನ್ನು ಅಳೆಯುತ್ತಲೇ ಇರಲಿಲ್ಲ. ಸರ್ಕಾರಿ ಮೇಜು ಕಂಡ ಕೂಡಲೇ ಯಾರ ಮನಸ್ಸು ಎದ್ದು ನಿಲ್ಲುತ್ತದೆ, ಯಾರದು ಕೂತೇ ಇರುತ್ತದೆ, ಅದನ್ನು ಅಳೆಯುತ್ತಿತ್ತು. ಹುಟ್ಟಿದಾಗಿನಿಂದ ಬೈಸಿಕೊಂಡವರ ಎಚ್ಚರವನ್ನು ನಾನು ಅದಕ್ಕೆ ಆಣತಿ ಪಾಲಿಸುವವರ ಗುರುತೆಂದು ಕಲಿಸಿದ್ದೆ.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಗುರುಸಿದ್ಧ ಕನ್ನಡಕ ತೆಗೆದು ಒರೆಸಿದರು.

"ಮೇಲ್ಮನವಿ ವಿಚಾರಣೆಗೆ ನಿನ್ನನ್ನ ಸಾಕ್ಷಿ ಹಾಕ್ಯಾರ, ಹೌದಿಲ್ಲೋ?"

"ಹೌದು. ಮಷೀನು ಸರಿ ಐತಿ ಅಂತ ನಾ ಹೇಳಿದ್ರ ಮುಗೀತು. ಹನ್ನೊಂದು ಸಾವಿರ ಮನವಿನೂ ವಜಾ."

"ಮತ್ತ ಸರಿ ಇಲ್ಲ ಅಂದ್ರ ನೀನು ಮುಗೀತಿ. ಶಕ್ಕು, ಆ ಓಟು ಸೇರಿಸಿದ್ರೂ ಗೆದ್ದವರು ಬದಲಾಗ್ತಾರಂತ ಏನು ಖಾತ್ರಿ? ಸದ್ದಿಲ್ಲದ ಮುಂದಿನ ಸಲ ಸುಧಾರಿಸಿಬಿಡು. ಈಗ ಯಾಕ ಮೈಮ್ಯಾಲೆ ಎಳಕೊಳ್ತಿ?"

"ಗೆದ್ದವರ ಮಾತಲ್ಲ ಇದು. ನೀವ ಅಲ್ಲೇನು ಹುಡುಗರಿಗೆ ಪಾಠ ಹೇಳೋರು, ಬಡವ ಬಲ್ಲಿದ ಎಲ್ಲರಿಗೂ ಒಂದೊಂದ ಓಟು ಅಂತ?"

"ಪಾಠ ಬ್ಯಾರೆ," ಎಂದರು ಗುರುಸಿದ್ಧ. ಅಂದ ಮೇಲೆ ಅವರಿಗೇ ನಾಚಿಕೆಯಾಗಿರಬೇಕು, ಎದ್ದು ಒಳಗೆ ಹೋದರು. ದೇವರ ಕೋಣೆಯಿಂದ ಅತ್ತೆ ಕೂಗಿ ಹೇಳಿದರು, "ಚಲೋ ಮಷೀನು ಐತೆವಾ ಅದು. ನನಗ ಒಂದ ಸಲಕ್ಕ ಹಸಿರು ಬಂತು."

ವಿಚಾರಣೆ ಪ್ರಾಧಿಕಾರದ ಸಭಾಂಗಣದಲ್ಲಿ. ವೇದಿಕೆಯ ಮೇಲೆ ವಿಚಾರಣಾಧಿಕಾರಿಯಾಗಿ ಒಬ್ಬ ನಿವೃತ್ತ ನ್ಯಾಯಾಧೀಶೆ. ಹಿಂದಿನ ಸಾಲುಗಳಲ್ಲಿ ಮನವಿ ಕೊಟ್ಟವರು, ಕುರ್ಚಿ ಖಾಲಿ ಇದ್ದರೂ ಕೆಲವರು ಗೋಡೆಗೆ ಆತು ನಿಂತಿದ್ದರು. ಹುಲಿಗೆವ್ವ ಅದೇ ಹಳದಿ ಸೀರೆ ಉಟ್ಟು ಬಂದಿದ್ದಳು. ತೆಗ್ಗಿನಮನಿಯವರು ನಾನು ಓದಬೇಕಾದ ಹೇಳಿಕೆಯನ್ನು ಅಚ್ಚು ಹಾಕಿಸಿ ಕೈಗೆ ಕೊಟ್ಟಿದ್ದರು. "ಯಂತ್ರವು ನಿಗದಿತ ಮಿತಿಯೊಳಗೆ ಕೆಲಸ ಮಾಡಿರುತ್ತದೆ" ಎಂಬಲ್ಲಿಗೆ ಓದಿದೆ. ಅಲ್ಲಿಗೆ ಹಾಳೆಯನ್ನು ಮಡಿಸಿಟ್ಟೆ.

"ಮುಂದೆ?" ಎಂದರು ವಿಚಾರಣಾಧಿಕಾರಿ.

"ಮುಂದಿನದು ಸುಳ್ಳು ಮೇಡಂ. ಇದೂ ಸುಳ್ಳು," ಎಂದೆ. ತೆಗ್ಗಿನಮನಿಯವರ ಕುರ್ಚಿ ಕಿರ್ರೆಂದಿತು. ನಾನು ಆ ಕಡೆ ನೋಡದೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಹೂವು, ಹಕ್ಕಿ, ಎರಡು ಗುಂಪು, ಬಾಗಿಲ ಹೊರಗೆ ನಿಂತಾಗ ಬಂದ ಹಸಿರು.

"ಹೇಳಿದ್ದನ್ನು ಕೇಳಿದವರ ಮಾದರಿ ಅಂದರಲ್ಲ, ಆ ಜನ ಯಾರು?"

"ನಮ್ಮಲ್ಲಿ ಕಸ ಗುಡಿಸುವವರು. ತೋಟದವರು, ಕ್ಯಾಂಟೀನಿನವರು, ಕಾವಲಿನವರು."

"ಅವರಿಗೂ ಆಯ್ಕೆ ಕೊಟ್ಟು ಒಮ್ಮೆ ಪರೀಕ್ಷೆ ಮಾಡಬೇಕೆಂದು ನಿಮಗೆ ಅನ್ನಿಸಲಿಲ್ಲವೇ?"

"ಅನ್ನಿಸಲಿಲ್ಲ."

"ಯಾಕೆ?"

ವಿಜ್ಞಾನದ ಉತ್ತರಗಳು ಬೇಕಾದಷ್ಟಿದ್ದವು. ವೇಳೆ ಇರಲಿಲ್ಲ, ಮಾದರಿ ಸಾಲದು, ಹೀಗೆ. "ಅವರನ್ನು ಏನು ಬೇಕು ಅಂತ ಕೇಳಿ ನನಗೆ ರೂಢಿ ಇರಲಿಲ್ಲ," ಎಂದೆ. ಅದೇ ನಿಜ.

ಸಭೆ ಗುಜುಗುಜು ಎಂದಿತು. ಆಗ ಹಿಂದಿನ ಸಾಲಿನಿಂದ ಹುಲಿಗೆವ್ವ ಎದ್ದಳು. ಕೈ ಮುಗಿದಿದ್ದಳು.

"ಅವ್ವಾರ, ಆ ಪೈಕಿ ನಾನೂ ಒಬ್ಬಾಕ್ರಿ. ಹಕ್ಕಿ ಅಂದಾಗ ಹಕ್ಕಿ ಒತ್ತೀನಿ, ಹೂವು ಅಂದಾಗ ಹೂವು ಒತ್ತೀನಿ. ನನ್ನ ತಲಿ ನೋಡಿ ಮಷೀನು ಕಲ್ತೈತಿ ಅಂದಂಗಾತು. ಹಂಗಾರ ಇವರೆಲ್ಲಾರ ಓಟು ಹೋಗಿದ್ದು ನನ್ನಿಂದೇನ್ರಿ?"

ಇಂಥ ಪ್ರಶ್ನೆ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ವಿಚಾರಣಾಧಿಕಾರಿ, ಇಲ್ಲಮ್ಮ, ನಿಮ್ಮ ತಪ್ಪು ಏನೂ ಇಲ್ಲ ಎಂದರು. ಹುಲಿಗೆವ್ವ ತಲೆ ಆಡಿಸಿ ಕೂತಳು. ಅವಳ ಮುಖ ನೋಡಿದರೆ ಆ ಮಾತು ಒಳಗೆ ಇಳಿದಂತೆ ಕಾಣಲಿಲ್ಲ. ತಪ್ಪಿಲ್ಲ ಎನ್ನುವವರೂ ಓದಿದವರೇ, ಓದಿದವರು ಮೊದಲು ಏನು ಹೇಳಿದ್ದರೆಂದು ಅವಳಿಗೆ ನೆನಪಿತ್ತಲ್ಲ.

ಸಂಜೆಯೊಳಗೆ ಆದೇಶ ಬಂತು. ಮತದಾನ ರದ್ದು. ತಡೆ ಪಟ್ಟಿಯ ಹೆಸರುಗಳೆಲ್ಲ ವಾಪಸು. ಬರುವ ಭಾನುವಾರ ಇಡೀ ಊರಿಗೆ ಹಣೆಪಟ್ಟಿ ಇಲ್ಲದೆ ಮರುಮತದಾನ. ನನ್ನನ್ನು ಕೆಲಸದಿಂದ ಅಮಾನತು ಮಾಡಿದರು. ಅದಕ್ಕೆ ನಾನು ಅಳಲಿಲ್ಲ. ಇಷ್ಟಕ್ಕೇ ಬಿಟ್ಟರಲ್ಲ ಎಂದು ಒಂದು ಕ್ಷಣ ಹಗುರವಾದದ್ದೂ ಉಂಟು, ನಾಚಿಕೆಗೇಡು.

ಶನಿವಾರ ಮಧ್ಯಾಹ್ನ ಹುಲಿಗೆವ್ವನ ಮನೆ ಹುಡುಕಿಕೊಂಡು ಹೋದೆ. ಕ್ಷಮೆ ಕೇಳುವುದು ಬಾಕಿ ಇತ್ತು. ಏಳು ವರ್ಷ ನನ್ನ ಕಾಲಡಿ ಗುಡಿಸಿದವಳ ಮನೆ ನನ್ನ ಮನೆಯ ಹಿಂದಿನ ಓಣಿಯಲ್ಲೇ ಇದೆಯೆಂದು ನನಗೆ ಅವತ್ತೇ ಸರಿಯಾಗಿ ಗೊತ್ತಾದದ್ದು. ಬಾಗಿಲಿಗೆ ಬೀಗ. ಅವಳು ಓಣಿಯ ತುದಿಯಲ್ಲಿ ಯಾರದೋ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದಳು. ಹತ್ತಿರ ಹೋದರೆ ಮಾತು ಕೇಳಿಸಿತು.

"ನಿಮಗ ಕೆಂಪು ಬಂದಿದ್ದು ನನ್ನಿಂದರಿ. ನನ್ನ ತಲಿ ನೋಡಿ ಮಷೀನು ಮಾಡ್ಯಾರ. ನನಗ ಗೊತ್ತಿರಲಿಲ್ಲ. ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೊಳ್ರಿ."

ಆ ಓಣಿಯಲ್ಲಿ ಕೆಂಪು ಬಂದವರ ಮನೆ ನಲವತ್ತು. ಬೆಳಗ್ಗಿನಿಂದ ಅವಳು ಒಂದೊಂದಾಗಿ ಮುಗಿಸುತ್ತಾ ಬಂದಿದ್ದಳು. ನನ್ನ ಕ್ಷಮೆಯನ್ನು ನಾನು ಕೈಯಲ್ಲಿ ಹಿಡಿದುಕೊಂಡು ಬರುವಷ್ಟರಲ್ಲಿ ಆಕೆ ಮನೆ ಮನೆ ತಿರುಗಿ ಕೇಳುತ್ತಿದ್ದಳು! ಓಡಿಹೋಗಿ ಅವಳ ಮುಗಿದ ಕೈಗಳನ್ನು ಬಿಡಿಸಿದೆ.

"ಹುಲಿಗೆವ್ವಾ, ಬ್ಯಾಡ್ರಿ. ನೀವು ಏನೂ ಮಾಡಿಲ್ಲ. ಮಾಡಿದಾಕಿ ನಾನು," ಎಂದೆ. ನೀವು ಎಂದದ್ದು ನನ್ನ ಕಿವಿಗೇ ಹೊಸದಾಗಿ ಕೇಳಿಸಿತು, ಅವಳು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಬಾಗಿಲಲ್ಲಿದ್ದವರು ಗಾದಿ ಹೊಲಿಯುವ ಮಕಬೂಲಸಾಬರು. ಗಡ್ಡದ ತುಂಬ ಅರಳೆಯ ಎಳೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ನೀವ ಏನ್ರಿ ಆ ಮಷೀನಿನ ಬಾಯಾರು?"

"ನಾನ ರೀ."

"ಹಂಗಾರ ಒಂದು ಮಾತು ಹೇಳ್ರಿ. ನಲವತ್ತು ವರ್ಷದಿಂದ ಓಟು ಹಾಕ್ಕೋತ ಬಂದೇನಿ. ಅವತ್ತು ಮೂರು ಸಲ ಕೆಂಪು ಬಂದಿಂದ ನಮ್ಮ ಮನ್ಯಾಗ ಹುಡುಗರು ನಗತಾವು. ನಾ ಒತ್ತಿದ್ದು ನನ್ನ ಸ್ವಂತ ಮನಸಿಂದ ಹೌದೋ ಅಲ್ಲೋ?"

ಕೊನೆಗೂ ಒಂದು ಒಳ್ಳೆಯ ಮಾತು ಆಡುವ ಅವಕಾಶ ಸಿಕ್ಕಿತೆಂದು ನನಗೆ ಅನ್ನಿಸಿತು. ಎದೆ ತುಂಬಿ ಬಂತು.

"ಹೌದ್ರಿ, ನಿಮ್ಮ ಸ್ವಂತ ಮನಸಿಂದ. ನಾನು ಖಾತ್ರಿ ಕೊಡ್ತೀನಿ," ಎಂದೆ.

ಮಕಬೂಲಸಾಬರು ಗಡ್ಡದ ಅರಳೆ ಕಿತ್ತು ಬೆರಳಲ್ಲಿ ಉಂಡೆ ಮಾಡಿದರು. ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು:

"ನನ್ನ ಮನಸಿಗೆ ನಿಮ್ಮ ಖಾತ್ರಿ ಯಾಕ ಬೇಕ್ರಿ?"

ಅವರು ಹುಲಿಗೆವ್ವನಿಗೆ ಮಾತ್ರ, "ನಾಳೆ ಮುಂಜಾನೆ ಕೂಡಿ ಹೋಗೋಣಬೇ," ಎಂದು ಹೇಳಿ ಒಳಗೆ ಹೋದರು.

ಹುಲಿಗೆವ್ವ ಆಗಲೇ ಮುಂದಿನ ಮನೆಯ ಕಟ್ಟೆ ಹತ್ತಿದ್ದಳು. ಚಿಲಕ ಬಡಿದು, ಬಾಗಿಲಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತು, ನನ್ನ ಕಡೆ ನೋಡಿದಳು.

"ಇಲ್ಲಿ ನೀವ ಹೇಳ್ರಿ ಬಾಯಾರ."

ನಾನು ಕಟ್ಟೆ ಹತ್ತಿದೆ.